ಹಳೇ ಬುಲೆಟ್‌ಗೆ ಕೋನ್ ಫಿಲ್ಟರ್, ಶಾರ್ಟ್ ಬಾಟಲ್, ದೊಡ್ಡ ಕಾರ್ಬೊರೇಟರ್: ಘಾಟಿ ಹತ್ತೋಕೆ ಪ್ರಯೋಜನ ಉಂಟಾ?

ವಿರಾಜಪೇಟೆ_ಬುಲೆಟ್96

ಎಲ್ಲರಿಗೂ ನಮಸ್ಕಾರ. ಗಾಡಿ ಅಪ್ಪನದು. 1996ರ ಕಾಸ್ಟ್ ಐರನ್ ಬುಲೆಟ್ 350, ಬಲಗಾಲಿನ ಗೇರು, ಪಾಯಿಂಟ್ ಇಗ್ನಿಷನ್. ವಿರಾಜಪೇಟೆ–ಮಡಿಕೇರಿ ಓಡಾಟ ಜಾಸ್ತಿ, ಆಗೀಗ ಮಾಕುಟ್ಟ ಇಳಿದು ಇರಿಟ್ಟಿ ಕಡೆ ಹೋಗೋದುಂಟು. ಗಾಡಿಗೆ ಏರಲ್ಲಿ ದಮ್ಮೇ ಇಲ್ಲ. ಮೂರನೇ ಗೇರಲ್ಲಿ ಆರಾಮಾಗಿ ಹತ್ತಬೇಕಾದ ಕಡೆ ಎರಡಕ್ಕೆ ಇಳಿಸಿ ಒದ್ದಾಡಬೇಕು.

ಗುರುತಿನ ಮೆಕ್ಯಾನಿಕ್ ಒಬ್ಬರು "ಉಸಿರಾಟ ಫ್ರೀ ಮಾಡ್ಬೇಕು" ಅಂತ ಗಾಳಿ ಫಿಲ್ಟರಿನ ಡಬ್ಬ ತೆಗೆದು ಬಯಲಲ್ಲೇ ಕೂರೋ ಕೋನ್ ಫಿಲ್ಟರ್ ಹಾಕಿದ್ರು, ಜೊತೆಗೆ ಶಾರ್ಟ್ ಬಾಟಲ್ ಅನ್ನೋ ಗಿಡ್ಡ ಸೈಲೆನ್ಸರ್. ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ) ಹಳೇ ಮಿಕಾರ್ಬ್ ವಿಎಂ24, ಅದರ ಜೆಟ್ (ಪೆಟ್ರೋಲ್ ಬರೋ ಸಣ್ಣ ತೂತಿನ ತುಂಡು) ಮುಟ್ಟಿಲ್ಲ. ಸೌಂಡ್ ಏನೋ ಜೋರಾಗಿದೆ. ಆದ್ರೆ ಇಳಿಜಾರಲ್ಲಿ ಎಕ್ಸಲರೇಟರ್ ಬಿಟ್ರೆ ಪಟಾಕಿ ಥರ ಹೊಡೆಯುತ್ತೆ. ಏರಲ್ಲಿ ಅರ್ಧ ಎಕ್ಸಲರೇಟರ್‌ನಲ್ಲಿ ಇಂಜಿನ್ ಒಳಗಿಂದ ಕಟಕಟ ಸದ್ದು. ಹೊಗೆ ಹೊರಗೆ ಹೋಗೋ ಬೆಂಡ್ ಪೈಪು ಇಂಜಿನ್ ಹೆಡ್ ಹತ್ರ ನೀಲಿ ಬಣ್ಣಕ್ಕೆ ತಿರುಗಿದೆ. ಐಡ್ಲಿಂಗ್ ಒಮ್ಮೆ ಏರುತ್ತೆ, ಒಮ್ಮೆ ಬೀಳುತ್ತೆ.

ಈಗ ಅವರು ಹೇಳೋದು, 500ರ ವಿಎಂ28 ಕಾರ್ಬೊರೇಟರ್ ಒಂದು ಇದೆ, ಅದನ್ನ ಹಾಕಿದ್ರೆ ಎಲ್ಲಾ ಸರಿ ಹೋಗುತ್ತೆ ಅಂತ. ಹಾಕ್ಸಲಾ ಬೇಡ್ವಾ? ದಯವಿಟ್ಟು ಮಾರಿ ಹೊಸದು ತಗೋ ಅನ್ಬೇಡಿ.

ಮಡಿಕೇರಿ_ಮಂಜು

ಮಾರಿ ಹೊಸದು ತಗೋ.

ನಾಪೋಕ್ಲು_ಆರ್‌ಎಕ್ಸ್

ಮಾರಿ ಯಮಹಾ ಆರ್‌ಎಕ್ಸ್ 100 ತಗೊಳ್ಳಿ 😄 98 ಸಿಸಿ, 11 ಕುದುರೆ ಶಕ್ತಿ. ನಿಮ್ಮ 350ಕ್ಕೆ 18. ತೂಕ ಲೆಕ್ಕ ಹಾಕಿ, ಘಾಟಿಯಲ್ಲಿ ಯಾರು ಮುಂದೆ ಹೋಗ್ತಾರೆ ಹೇಳಿ.

ಗೋಣಿಕೊಪ್ಪ_ಸ್ಪ್ಯಾನರ್

ತಮಾಷೆ ಆಮೇಲೆ. ವಿಎಂ28 ಈಗ ಬೇಡ. ನೀವು ಹೇಳಿದ ನಾಲ್ಕೂ ಲಕ್ಷಣ ಒಂದೇ ಕಾಯಿಲೆಗೆ ಹೊಂದುತ್ತೆ, ಮಿಕ್ಸ್ಚರ್ ಲೀನ್ ಆಗಿದೆ, ಅಂದ್ರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗ್ತಿಲ್ಲ. ಗಾಳಿ ಒಳಗೆ ಬರೋ ದಾರಿ, ಹೊಗೆ ಹೊರಗೆ ಹೋಗೋ ದಾರಿ ಎರಡನ್ನೂ ಅಗಲ ಮಾಡಿ ಪೆಟ್ರೋಲ್ ಮಾತ್ರ ಹಳೇ ಲೆಕ್ಕದಲ್ಲೇ ಬಿಟ್ರೆ ಇನ್ನೇನಾಗುತ್ತೆ?

ಪಟಾಕಿ ಸದ್ದು ಯಾಕೆ ಬರುತ್ತೆ ಅಂದ್ರೆ, ಎಕ್ಸಲರೇಟರ್ ಬಿಟ್ಟಾಗ ಸಿಲಿಂಡರ್ ಒಳಗೆ ಸರಿಯಾಗಿ ಹೊತ್ತಿಕೊಳ್ಳದ ಪೆಟ್ರೋಲ್ ಪೈಪಿಗೆ ಬಂದು ಅಲ್ಲಿ ಉರಿಯುತ್ತೆ. ಬೆಂಡ್ ಪೈಪ್ ಹೆಡ್‌ಗೆ ಕೂರೋ ಜಾಗದಲ್ಲಿ ಸಂದಿ ಇದ್ರೆ ಅಲ್ಲಿಂದ ಹೊರಗಿನ ಗಾಳಿ ಸೇರಿ ಇನ್ನೂ ಜೋರು. ಹಳೇ ಬುಲೆಟ್‌ನಲ್ಲಿ ಪೈಪು ಸುಮ್ನೆ ಒಳಗೆ ತಳ್ಳಿ ಕೂರಿಸಿರೋದು. ಸೈಲೆನ್ಸರ್ ಬದಲಾಯಿಸುವಾಗ ಅಲ್ಲಾಡಿರುತ್ತೆ, ಅದನ್ನೇ ಮೊದ್ಲು ನೋಡಿ. ಅಲ್ಲಿ ಕಪ್ಪು ಮಸಿ ಹಿಡಿದಿದ್ರೆ ಲೀಕ್ ಗ್ಯಾರಂಟಿ.

ಐಡ್ಲಿಂಗ್ ಏರಿಳಿತಕ್ಕೆ ಎರಡು ಕಡೆ ಹುಡುಕಬೇಕು. ಕಾರ್ಬೊರೇಟರ್‌ಗೂ ಹೆಡ್‌ಗೂ ಮಧ್ಯದ ಪ್ಯಾಕಿಂಗ್ ಒಂದು. ಇನ್ನೊಂದು ಕಾರ್ಬೊರೇಟರ್ ಒಳಗಿನ ಸ್ಲೈಡ್, ಎಕ್ಸಲರೇಟರ್ ತಿರುಗಿಸಿದಾಗ ಏರಿಳಿಯೋ ಭಾಗ. ಇಷ್ಟು ವರ್ಷದ ಗಾಡಿಯಲ್ಲಿ ಸ್ಲೈಡ್ ಸವೆದು ಬದಿಯಿಂದ ಗಾಳಿ ಎಳೆಯುತ್ತೆ, ಆಗ ಎಷ್ಟು ಟ್ಯೂನ್ ಮಾಡಿದ್ರೂ ನಿಲ್ಲಲ್ಲ.

ಇನ್ನು 28ರ ವಿಷಯ. 24ರಿಂದ 28 ಅಂದ್ರೆ ಕೇಳೋಕೆ ನಾಲ್ಕೇ ಮಿಲಿಮೀಟರ್, ಆದ್ರೆ ಬಾಯಿಯ ವಿಸ್ತೀರ್ಣ ಸುಮಾರು 36% ಜಾಸ್ತಿ. ಇಂಜಿನ್ ಅದೇ 346 ಸಿಸಿ. ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗ ಬಿದ್ದು ಹೋಗುತ್ತೆ, ಜೆಟ್ಟಿಂದ ಪೆಟ್ರೋಲ್ ಎಳೆಯೋ ಶಕ್ತಿನೂ ಬೀಳುತ್ತೆ. ಘಾಟಿಯಲ್ಲಿ ನಿಮಗೆ ಬೇಕಾಗಿರೋದೇ ಕೆಳಗಿನ ಎಳೆತ. 28 ಹಾಕಿದ್ರೆ ಸಿಗೋದು ಮೇಲಿನ ಓಟ, ಅದೂ ವಾಲ್ವ್, ಪೋರ್ಟ್ ಕೆಲಸ ಮಾಡಿಸಿದ್ರೆ.

ಸೋಮವಾರಪೇಟೆ_ಹುಡುಗ

ಸ್ಪ್ಯಾನರ್ ಅಣ್ಣ ಹೇಳಿದ್ದು ಸರಿ. ಇನ್ನೊಂದು, ನಮ್ಮ ಕೊಡಗು ಎತ್ತರದಲ್ಲಿದೆ. ಮೇಲೆ ಹೋದಷ್ಟೂ ಗಾಳಿ ತೆಳು. ಅದಕ್ಕೇ ಇಲ್ಲಿ ಜೆಟ್ ದೊಡ್ಡದು ಹಾಕ್ಬೇಕು.

ಸಂಪಾಜೆಯವ

ಉಲ್ಟಾ ಮಾರಾಯಾ, ಉಲ್ಟಾ. ಗಾಳಿ ತೆಳುವಾದ್ರೆ ಆಮ್ಲಜನಕ ಕಮ್ಮಿ. ಪೆಟ್ರೋಲ್ ಅಷ್ಟರ ಮಟ್ಟಿಗೆ ಕಮ್ಮಿ ಆಗಲ್ಲ. ಹಾಗಾಗಿ ಮೇಲೆ ಹೋದಷ್ಟೂ ಮಿಕ್ಸ್ಚರ್ ರಿಚ್ (ಪೆಟ್ರೋಲ್ ಜಾಸ್ತಿ) ಆಗುತ್ತೆ, ಜೆಟ್ ಚಿಕ್ಕದು ಬೇಕು. ಮಡಿಕೇರಿ ಸುಮಾರು 1150 ಮೀಟರ್. ಸಮುದ್ರ ಮಟ್ಟಕ್ಕಿಂತ ಅಲ್ಲಿ ಗಾಳಿ ಸಾಂದ್ರತೆ ಹತ್ತರಲ್ಲೊಂದು ಪಾಲು ಕಮ್ಮಿ. ಇಂಜಿನ್ ಶಕ್ತಿಯೂ ಅಷ್ಟೇ ಕಮ್ಮಿ, ಅದಕ್ಕೆ ಯಾವ ಕಾರ್ಬೊರೇಟರ್ ಹಾಕಿದ್ರೂ ಏನೂ ಮಾಡೋಕಾಗಲ್ಲ.

ನಾನು ದಿನಾ ಸಂಪಾಜೆಯಿಂದ ಹತ್ತೋನು. ಕೆಳಗೆ ಸರಿಯಾಗಿ ಟ್ಯೂನ್ ಮಾಡಿದ ಗಾಡಿ ಮಡಿಕೇರಿಯಲ್ಲಿ ಸ್ವಲ್ಪ ಭಾರ ಅನ್ಸುತ್ತೆ, ಅಷ್ಟೇ. ಮಡಿಕೇರಿಯಲ್ಲಿ ಟೈಟಾಗಿ ಟ್ಯೂನ್ ಮಾಡಿಸಿಕೊಂಡು ಸುಳ್ಯದ ಬಿಸಿಲಿಗೆ ಇಳಿದ್ರೆ ಮಾತ್ರ ಲೀನ್ ಆಗಿ ಬಿಸಿ ಏರುತ್ತೆ. ಮಾಕುಟ್ಟ ಇಳಿಯೋರೂ ಇದನ್ನ ನೆನಪಲ್ಲಿಟ್ಟುಕೊಳ್ಳಿ. ಎರಡು ಕಡೆಗೂ ಓಡೋ ಗಾಡಿಗೆ ಸ್ವಲ್ಪ ರಿಚ್ ಕಡೆಗೇ ಇಡಬೇಕು. ಮೈಲೇಜ್ ಸ್ವಲ್ಪ ಹೋಗುತ್ತೆ, ಪಿಸ್ಟನ್ ಉಳಿಯುತ್ತೆ.

ಸೋಮವಾರಪೇಟೆ_ಹುಡುಗ

ಹಾಗಾದ್ರೆ ಕೊನೆಗೆ ನೀವೂ ರಿಚ್ ಇಡಿ ಅಂತಾನೇ ಹೇಳಿದ್ರಲ್ಲಾ? ನಾನೂ ಅದೇ ಹೇಳಿದ್ದು.

ಸಂಪಾಜೆಯವ

ಕಾರಣ ಬೇರೆ. ಹೋಗ್ಲಿ ಬಿಡಿ.

ಕುಶಾಲನಗರ_ಕೆಎ12

ಇ20 ಪೆಟ್ರೋಲ್ (20% ಎಥನಾಲ್ ಬೆರೆಸಿದ್ದು) ವಿಷಯ ಯಾರೂ ಎತ್ತಲಿಲ್ಲ. ಎಥನಾಲ್‌ನಲ್ಲೇ ಆಮ್ಲಜನಕ ಇದೆ, ಹಾಗಾಗಿ ಅದು ಉರಿಯೋಕೆ ಗಾಳಿ ಕಮ್ಮಿ ಸಾಕು. ಶುದ್ಧ ಪೆಟ್ರೋಲ್‌ಗೆ 14.7 ಪಾಲು ಗಾಳಿ ಬೇಕಾದ್ರೆ ಇ20ಗೆ ಸುಮಾರು 13.5 ಸಾಕು. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ಇರುತ್ತೆ, ತಾನೇ ಸರಿ ಮಾಡ್ಕೊಳ್ಳುತ್ತೆ. 96ರ ಮಿಕಾರ್ಬ್‌ಗೆ ಇದೆಲ್ಲ ಯಾರು ಹೇಳ್ಬೇಕು? ಏನೂ ಮಾಡಿಸದ ಹಳೇ ಗಾಡಿನೂ ಈಗ ಸ್ವಲ್ಪ ಲೀನ್ ಆಗೇ ಓಡ್ತಿದೆ. ಅದರ ಮೇಲೆ ನೀವು ಕೋನ್ ಫಿಲ್ಟರ್ ಬೇರೆ ಹಾಕಿದ್ದೀರಿ.

ಇನ್ನೊಂದು ತಲೆನೋವು ನೀರು. ಎಥನಾಲ್ ನೀರು ಹೀರುತ್ತೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಹವೆ ಹೇಗಿರುತ್ತೆ ಅಂತ ಹೇಳ್ಬೇಕಾಗಿಲ್ಲ. ಗಾಡಿ ಬಹಳ ದಿನ ನಿಂತ್ರೆ ನೀರು ಬೇರೆ ಆಗಿ ಟ್ಯಾಂಕಿನ ತಳಕ್ಕೆ ಕೂರುತ್ತೆ, ತುಕ್ಕು ಶುರು. ನಿಲ್ಲಿಸೋ ಮೊದ್ಲು ಟ್ಯಾಪ್ ಬಂದ್ ಮಾಡಿ, ಕಾರ್ಬೊರೇಟರ್ ಬಟ್ಟಲಲ್ಲಿರೋ ಪೆಟ್ರೋಲ್ ಖಾಲಿ ಆಗೋವರೆಗೆ ಇಂಜಿನ್ ಓಡಿಸಿ. ಹಳೇ ರಬ್ಬರ್ ಪೈಪು, ಟ್ಯಾಪಿನ ವಾಷರ್ ಕೂಡ ಬದಲಾಯಿಸಿ.

ನಾಪೋಕ್ಲು_ಆರ್‌ಎಕ್ಸ್

ಮಳೆ ಅಂದಿದ್ದಕ್ಕೆ ಹೇಳ್ತೀನಿ. ನಾಪೋಕ್ಲು–ಭಾಗಮಂಡಲ ರಸ್ತೆಯಲ್ಲಿ ಜುಲೈ ತಿಂಗಳು ಕೋನ್ ಫಿಲ್ಟರ್ ಹಾಕ್ಕೊಂಡು ಬನ್ನಿ ನೋಡುವ. ಮುಂದಿನ ಜೀಪು ಎರಚಿದ ನೀರು ನೇರ ಕಾರ್ಬೊರೇಟರ್ ಒಳಗೆ. ಕಂಪನಿಯೋರು ಡಬ್ಬ ಸುಮ್ನೆ ಇಟ್ಟಿಲ್ಲ.

ವಿರಾಜಪೇಟೆ_ಬುಲೆಟ್96

ಎಲ್ಲರಿಗೂ ಥ್ಯಾಂಕ್ಸ್. ಸ್ಪ್ಯಾನರ್ ಅಣ್ಣ, ಬೆಂಡ್ ಪೈಪ್ ಹತ್ರ ನೋಡಿದೆ, ಮಸಿ ಇದೆ. ಹಾಗಾದ್ರೆ ಮೇನ್ ಜೆಟ್ ದೊಡ್ಡದು ಹಾಕಿದ್ರೆ ಸಾಕಾ? ಏರ್ ಸ್ಕ್ರೂ ಹೊರಗೆ ಬಿಚ್ಚಿದ್ರೆ ಪೆಟ್ರೋಲ್ ಜಾಸ್ತಿ ಬರುತ್ತೆ ಅಂತ ಮೆಕ್ಯಾನಿಕ್ ಹೇಳ್ತಾರೆ, ಹೌದಾ?

ಗೋಣಿಕೊಪ್ಪ_ಸ್ಪ್ಯಾನರ್

ಸ್ಕ್ರೂ ಎಲ್ಲಿದೆ ಅನ್ನೋದರ ಮೇಲೆ ಹೋಗುತ್ತೆ. ಫಿಲ್ಟರ್ ಕಡೆ ಇದ್ರೆ ಅದು ಗಾಳಿ ಸ್ಕ್ರೂ, ಹೊರಗೆ ಬಿಚ್ಚಿದಷ್ಟೂ ಗಾಳಿ ಜಾಸ್ತಿ, ಅಂದ್ರೆ ಲೀನ್. ಇಂಜಿನ್ ಕಡೆ ಇದ್ರೆ ಪೆಟ್ರೋಲ್ ಸ್ಕ್ರೂ, ಹೊರಗೆ ಬಿಚ್ಚಿದ್ರೆ ರಿಚ್. ಅದನ್ನ ನೋಡದೆ ತಿರುಗಿಸಬೇಡಿ.

ಮೇನ್ ಜೆಟ್ ಒಂದೇ ಬದಲಾಯಿಸಿದ್ರೆ ನಿಮ್ಮ ಕಟಕಟ ಹೋಗಲ್ಲ. ಮೇನ್ ಜೆಟ್ ಕೆಲಸ ಮಾಡೋದು ಎಕ್ಸಲರೇಟರ್ ಮುಕ್ಕಾಲು ದಾಟಿದ ಮೇಲೆ. ಐಡ್ಲಿಂಗ್‌ನಿಂದ ಸ್ವಲ್ಪ ಮೇಲಿನ ತನಕ ಪೈಲಟ್ ಜೆಟ್ ಮತ್ತೆ ಗಾಳಿ ಸ್ಕ್ರೂ. ಅದಾದ ಮೇಲೆ ಕಾಲು ಭಾಗದ ತನಕ ಸ್ಲೈಡ್‌ನ ಕಚ್ಚು. ಕಾಲಿನಿಂದ ಮುಕ್ಕಾಲು ತನಕ ಸೂಜಿ. ನೀವು ಹೇಳಿದ ಸದ್ದು ಬರೋದು ಅರ್ಧದಲ್ಲಿ, ಅಂದ್ರೆ ಸೂಜಿ ಜಾಗ. ಸೂಜಿಯ ತಲೆಯಲ್ಲಿ ಕ್ಲಿಪ್ ಕೂರೋಕೆ ಗೀಟುಗಳಿವೆ. ಕ್ಲಿಪ್ ಒಂದು ಗೀಟು ಕೆಳಗೆ ಇಳಿಸಿ, ಸೂಜಿ ಮೇಲೆ ಬರುತ್ತೆ, ಪೆಟ್ರೋಲ್ ಜಾಸ್ತಿ. ಖರ್ಚು ಒಂದು ಪೈಸೆ ಇಲ್ಲ.

ಹ್ಯಾಂಡಲ್ ಹಿಡಿಯಲ್ಲಿ ಒಂದು ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು ಅಂತ ಪೆನ್ನಲ್ಲಿ ಗೀಟು ಹಾಕಿ. ಸ್ವಿಚ್ ಡಬ್ಬಿ ಮೇಲೊಂದು ಗೀಟು. ಯಾವ ಗೀಟಲ್ಲಿ ಯಾವ ತೊಂದರೆ ಅಂತ ಬರ್ಕೊಳ್ಳಿ. ಹೀಗೆ ನೋಡಿದ ಮೇಲೆ ಯಾವ ಭಾಗ ಮುಟ್ಟಬೇಕು ಅಂತ ನಿಮಗೇ ಗೊತ್ತಾಗುತ್ತೆ.

ಪ್ಲಗ್ ಪರೀಕ್ಷೆಗೆ ಹೊಸ ಪ್ಲಗ್ ಹಾಕಿ, ಬೈಲುಕುಪ್ಪೆ ಕಡೆ ನೇರ ರಸ್ತೆ ಸಿಕ್ಕಲ್ಲಿ ಒಂದೇ ಎಕ್ಸಲರೇಟರ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ ಅಲ್ಲೇ ನಿಲ್ಲಿಸಿ ಬಿಚ್ಚಿ. ಪಿಂಗಾಣಿ ಬೆಳ್ಳಗಿದ್ರೆ ಲೀನ್, ಮಸಿ ಕಪ್ಪಾದ್ರೆ ರಿಚ್, ಹಾಲು ಹಾಕಿದ ಕಾಫಿ ಬಣ್ಣ ಇದ್ರೆ ಸರಿ. ಐಡ್ಲಿಂಗ್‌ನಲ್ಲಿ ಮನೆ ತನಕ ಬಂದು ಬಿಚ್ಚಿದ್ರೆ ಆ ಬಣ್ಣಕ್ಕೆ ಅರ್ಥ ಇಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ. ಫಿಲ್ಟರ್, ಸೈಲೆನ್ಸರ್ ಎರಡನ್ನೂ ಒಟ್ಟಿಗೆ ಮಾಡಿಸಿದ್ದಕ್ಕೇ ಯಾವುದರಿಂದ ಏನಾಯ್ತು ಅಂತ ಗೊತ್ತಾಗ್ತಿಲ್ಲ.

ಹಳೇ_ರೋಡ್‌ಕಿಂಗ್

ತಮ್ಮಾ, ನನ್ನದು ಯೆಜ್ಡಿ, ಸುಂಟಿಕೊಪ್ಪ. ನಿಮ್ಮ ಬುಲೆಟ್ ವಿದ್ಯೆ ನನಗೆ ಕಮ್ಮಿ. ಆದರೂ ಒಂದು ಪ್ರಶ್ನೆ. ಕಟಕಟ ಸದ್ದು ಅಂದ ಕೂಡಲೇ ಎಲ್ಲರೂ ಕಾರ್ಬೊರೇಟರ್ ಹಿಡಿದಿರಿ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ನೋಡಿದವರು ಯಾರು? ಕಿಡಿ ಕೊಡಿಸುವ ಪಾಯಿಂಟಿನ ಗ್ಯಾಪ್ ಎಷ್ಟಿದೆ? ವೇಗ ಏರಿದಂತೆ ಕಿಡಿಯನ್ನು ಮುಂಚೆ ತರುವ ಅಡ್ವಾನ್ಸ್ ತೂಕದ ಸ್ಪ್ರಿಂಗ್ ಸೋತಿದ್ದರೆ ಟೈಮಿಂಗ್ ಬೇಗ ಓಡಿಹೋಗುತ್ತದೆ, ಏರಿನಲ್ಲಿ ಅದೇ ಸದ್ದು ಬರುತ್ತದೆ. ಟ್ಯಾಪೆಟ್ (ವಾಲ್ವ್ ಸಂದು) ಕೂಡ ಇಂಜಿನ್ ತಣ್ಣಗಿರುವಾಗ ನೋಡಬೇಕು, ವಾಲ್ವ್ ತಳ್ಳುವ ಪುಷ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಇದೆಲ್ಲ ಸರಿ ಇಲ್ಲದೆ ಜೆಟ್ ಬದಲಾಯಿಸುವುದು ದುಡ್ಡು ದಂಡ.

ಗೋಣಿಕೊಪ್ಪ_ಸ್ಪ್ಯಾನರ್

ಸರ್, ನೂರಕ್ಕೆ ನೂರು. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಮೀ. ಮೊದ್ಲು ಅದು, ಆಮೇಲೆ ಸೂಜಿ.

ಮಡಿಕೇರಿ_ಮಂಜು

ಬುಲೆಟ್‌ಗೆ ಬ್ಯಾಕ್ ಪ್ರೆಶರ್ ಬೇಕು ಕಣ್ರೀ. ಶಾರ್ಟ್ ಬಾಟಲ್ ಹಾಕಿದ್ರೆ ಬ್ಯಾಕ್ ಪ್ರೆಶರ್ ಹೋಗಿ ಪಿಕಪ್ ಸಾಯುತ್ತೆ. ಇದು ಎಲ್ಲರಿಗೂ ಗೊತ್ತಿರೋದು.

ಸಂಪಾಜೆಯವ

ಎಲ್ಲರಿಗೂ ಗೊತ್ತಿದ್ರೂ ತಪ್ಪೇ. ಹೊಗೆಯನ್ನ ಹಿಂದಕ್ಕೆ ತಳ್ಳೋ ಒತ್ತಡದಿಂದ ಯಾವ ಇಂಜಿನ್‌ಗೂ ಲಾಭ ಇಲ್ಲ. ಲೆಕ್ಕಕ್ಕೆ ಬರೋದು ಪೈಪಿನ ಉದ್ದ, ವ್ಯಾಸ. ಸರಿಯಾದ ಅಳತೆಯ ಪೈಪಲ್ಲಿ ಹೊಗೆ ವೇಗವಾಗಿ ಓಡುತ್ತೆ, ಅದರ ಹಿಂದೆ ಒತ್ತಡ ಬಿದ್ದು ಸಿಲಿಂಡರ್ ಒಳಗಿನ ಉಳಿಕೆನ ಎಳ್ಕೊಂಡು ಹೋಗುತ್ತೆ, ಹೊಸ ಗಾಳಿಗೆ ಜಾಗ ಆಗುತ್ತೆ. ಪೈಪು ಮೊಟಕು ಮಾಡಿದ್ರೆ ಈ ಎಳೆತ ಬೇರೆ ಆರ್‌ಪಿಎಂಗೆ ಹೋಗುತ್ತೆ. ಜನ ಅದನ್ನ ಬ್ಯಾಕ್ ಪ್ರೆಶರ್ ಹೋಯ್ತು ಅಂತಾರೆ.

ಮಡಿಕೇರಿ_ಮಂಜು

ಪಿಕಪ್ ಹೋಗೋದಂತೂ ನಿಜ ತಾನೇ? ಹೆಸರು ಯಾವುದಾದ್ರೇನು.

ನಾಪೋಕ್ಲು_ಆರ್‌ಎಕ್ಸ್

ಟೂ ಸ್ಟ್ರೋಕ್‌ನಲ್ಲಿ ಇದು ಇನ್ನೂ ಖಡಕ್. ಆರ್‌ಎಕ್ಸ್ ಸೈಲೆನ್ಸರ್ ಹೊಟ್ಟೆ ಅಗಲ ಆಗಿ ಮತ್ತೆ ಕಿರಿದಾಗೋದು ಅಂದಕ್ಕಲ್ಲ. ಹೊರಗೆ ಹೋದ ಒತ್ತಡದ ಅಲೆ ಹಿಂದಿನ ಕೋನ್‌ಗೆ ಬಡಿದು ವಾಪಸ್ ಬಂದು, ಪೋರ್ಟಿಂದ ತಪ್ಪಿಸಿಕೊಂಡು ಹೋಗ್ತಿದ್ದ ಹಸಿ ಮಿಕ್ಸ್ಚರ್‌ನ ಒಳಗೆ ತಳ್ಳುತ್ತೆ. ನಮ್ಮ ಹುಡುಗರು ಒಳಗೆ ಸದ್ದು ತಡೆಯೋ ಬ್ಯಾಫಲ್ ಕಿತ್ತು ಬಿಸಾಕಿ "ಸೌಂಡ್ ನೋಡು" ಅಂತಾರೆ. ಸೌಂಡ್ ಬಂತು, ಕೆಳಗಿನ ಎಳೆತ ಹೋಯ್ತು. ಜೆಟ್ ಬದಲಾಯಿಸದೆ ಓಡಿಸಿ ಪಿಸ್ಟನ್ ಸೀಜ್ ಮಾಡಿ (ಬಿಸಿಗೆ ಕಚ್ಚಿಕೊಂಡು ನಿಲ್ಲೋ ಹಾಗೆ ಮಾಡಿ) ಬೋರ್ ಮಾಡಿಸೋಕೆ ಮೈಸೂರಿಗೆ ಓಡ್ತಾರೆ.

ಹಳೇ_ರೋಡ್‌ಕಿಂಗ್

ಸೀಜ್ ಎಂದರೆ ನೆನಪಾಯಿತು. ಸಂಪಾಜೆ ಘಾಟಿ ಇಳಿಯುವಾಗ ಎಕ್ಸಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಯಬೇಡಿ, ಟೂ ಸ್ಟ್ರೋಕ್‌ನವರು ಮಾತ್ರ. ಯೆಜ್ಡಿಯಲ್ಲಿ ಆಯಿಲ್ ಬರುವುದು ಪೆಟ್ರೋಲ್ ಜೊತೆ. ಎಕ್ಸಲರೇಟರ್ ಮುಚ್ಚಿದರೆ ಪೆಟ್ರೋಲ್ ಇಲ್ಲ, ಆಯಿಲ್ ಇಲ್ಲ, ಇಂಜಿನ್ ಮಾತ್ರ ಗಿರ್ರೆಂದು ತಿರುಗುತ್ತಿರುತ್ತದೆ. ನಡುನಡುವೆ ಒಂದೊಂದು ಸಲ ಸ್ವಲ್ಪ ಎಕ್ಸಲರೇಟರ್ ಕೊಡಬೇಕು. ನಿಮ್ಮ ಆರ್‌ಎಕ್ಸ್‌ಗೆ ಬೇರೆ ಆಯಿಲ್ ಪಂಪ್ ಇದ್ದರೂ ಅದರ ಕೇಬಲ್ ಎಕ್ಸಲರೇಟರ್‌ಗೇ ಸೇರಿದೆ, ಮುಚ್ಚಿದಾಗ ತೀರಾ ಕಮ್ಮಿ ಬಿಡುತ್ತದೆ.

1961ರಿಂದ 1996ರ ತನಕ, ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಲ್ಲಿ, ನಮ್ಮ ಮೈಸೂರಲ್ಲೇ ತಯಾರಾದ ಗಾಡಿ. ಫ್ಯಾಕ್ಟರಿ ಮುಚ್ಚಿದ ವರ್ಷವೇ ಈ ತಮ್ಮನ ಬುಲೆಟ್ ಹುಟ್ಟಿದ್ದು!

ತಿತಿಮತಿ_ತೋಟ

ನನಗೆ ಜೆಟ್ಟೂ ಗೊತ್ತಿಲ್ಲ, ಸೂಜಿಯೂ ಗೊತ್ತಿಲ್ಲ. ಸೈಲೆನ್ಸರ್ ಬಗ್ಗೆ ಮಾತ್ರ ಹೇಳ್ತೀನಿ. ಶನಿವಾರ ಬಂತು ಅಂದ್ರೆ ಆನೆಚೌಕೂರಿಂದ ಗೋಣಿಕೊಪ್ಪದ ತನಕ ಇದೇ ಡಬಡಬ. ತೋಟದಲ್ಲಿ ಬೆಳಿಗ್ಗೆ ಕೆಲಸಕ್ಕೆ ಇಳಿಯೋ ಹೆಂಗಸರು ಮೊದಲು ನಿಂತು ಕಿವಿಗೊಡ್ತಾರೆ, ಬಿದಿರು ಮುರಿಯೋ ಸದ್ದು, ಆನೆಯ ಗುಡುಗುಡು, ಏನಾದ್ರೂ ಇದೆಯಾ ಅಂತ. ಆನೆ ಕಣ್ಣಿಗೆ ಬೀಳೋ ಮೊದ್ಲು ಕಿವಿಗೆ ಬೀಳೋದು. ಆ ಹೊತ್ತಿಗೆ ರಸ್ತೆಯಲ್ಲಿ ನಾಲ್ಕು ಗಾಡಿ ಹೋದ್ರೆ ಏನೂ ಕೇಳಲ್ಲ. ನಿಮ್ಮ ಪಿಕಪ್ಪಿಗೆ ನಾವು ಯಾಕೆ ಜೀವ ಕೊಡ್ಬೇಕು?

ಸೋಮವಾರಪೇಟೆ_ಹುಡುಗ

ಶನಿವಾರ ಬರೋರು ಟೂರಿಸ್ಟ್‌ಗಳು, ನಾವಲ್ಲ. ಮತ್ತೆ ಸೌಂಡ್ ಕೇಳಿದ್ರೆ ಆನೆ ದೂರ ಹೋಗುತ್ತೆ ಅಲ್ವಾ?

ತಿತಿಮತಿ_ತೋಟ

ಆನೆಗೆ ಟೂರಿಸ್ಟ್ ಯಾರು, ಸೋಮವಾರಪೇಟೆಯವ ಯಾರು ಅಂತ ಗೊತ್ತಾಗುತ್ತಾ? ಮರಿ ಜೊತೆಗಿದ್ದ ಆನೆ ಸದ್ದು ಕೇಳಿ ಓಡಲ್ಲ, ಎದುರಿಗೆ ಬರುತ್ತೆ. ಒಂದಿನ ನಮ್ಮ ಲೈನ್‌ಮನೆ (ತೋಟದ ಕೆಲಸದವರ ಮನೆ) ಹತ್ರ ಬಂದು ನಿಂತು ನೋಡಿ.

ಕುಶಾಲನಗರ_ಕೆಎ12

ಕಾನೂನಿನ ಕಡೆಯಿಂದಲೂ ಹುಷಾರು. ಮೋಟಾರು ವಾಹನ ಕಾಯ್ದೆ 190(2)ರಲ್ಲಿ ಶಬ್ದ, ಹೊಗೆ ಮಿತಿ ಮೀರಿದ್ರೆ 2019ರ ತಿದ್ದುಪಡಿ ಆದ್ಮೇಲೆ 10,000 ರೂಪಾಯಿ ತನಕ ದಂಡ ಅಥವಾ ಮೂರು ತಿಂಗಳ ತನಕ ಜೈಲು, ಲೈಸೆನ್ಸಿಗೂ ಕುತ್ತು. ಮತ್ತೆ ಇವರದು 96ರ ಮಾಡೆಲ್. 15 ವರ್ಷಕ್ಕೆ 2011ರಲ್ಲಿ ಒಂದು ರಿನ್ಯೂವಲ್, ಆಮೇಲೆ ಐದೈದು ವರ್ಷಕ್ಕೆ. ಅಂದ್ರೆ 2026ಕ್ಕೆ ಮತ್ತೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸ್ಬೇಕು. 20 ವರ್ಷ ದಾಟಿದ ಬೈಕಿಗೆ ಶುಲ್ಕವನ್ನೂ 2025ರಲ್ಲಿ 2,000 ಮಾಡಿದ್ದಾರೆ. ಶಾರ್ಟ್ ಬಾಟಲ್ ಇಟ್ಕೊಂಡು ಹೋದ್ರೆ ಇನ್ಸ್‌ಪೆಕ್ಟರ್ ಏನಂತಾರೆ ಅಂತ ಯೋಚಿಸಿ. ಹಳೇ ಸೈಲೆನ್ಸರ್ ಗುಜರಿಗೆ ಹಾಕಿಲ್ಲ ತಾನೇ?

ವಿರಾಜಪೇಟೆ_ಬುಲೆಟ್96

ಇಲ್ಲ, ಕಾಫಿ ಗೋಡೌನಲ್ಲಿದೆ.

ಗೋಣಿಕೊಪ್ಪ_ಸ್ಪ್ಯಾನರ್

ಒಂದು ಮಾತು ಕೇಳೋದು ಬಿಟ್ಟು ಹೋಗಿತ್ತು. ಇದೆಲ್ಲ ಮಾಡಿಸೋ ಮೊದಲೇ ಏರಲ್ಲಿ ದಮ್ಮಿರಲಿಲ್ಲ ಅಂದ್ರಿ. ಮುಂದಿನ ಚೈನ್ ಸ್ಪ್ರಾಕೆಟ್ ಎಷ್ಟು ಹಲ್ಲು? 350ಕ್ಕೆ ಕಂಪನಿಯಿಂದ ಬರೋದು 16. ಪ್ರೈಮರಿ ಕವರ್ ಹಿಂದೆ ಇರುತ್ತೆ, ಕಣ್ಣಿಗೆ ಕಾಣಲ್ಲ, ಕ್ಲಚ್ ಬಿಚ್ಚಬೇಕು. ಹಳೇ ಬಿಲ್ ಇದ್ರೆ ಹುಡುಕಿ, ಇಲ್ಲ ಅಪ್ಪನ್ನ ಕೇಳಿ.

ವಿರಾಜಪೇಟೆ_ಬುಲೆಟ್96

ಅಪ್ಪನ್ನ ಕೇಳಿದೆ. ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಹೈವೇಗೆ ಚೆನ್ನಾಗಿರುತ್ತೆ ಅಂತ 18 ಹಾಕಿಸಿದ್ರಂತೆ! ಊರಿಗೆ ಬಂದ್ಮೇಲೆ ಮರೆತೇ ಬಿಟ್ಟಿದ್ರು.

ಗೋಣಿಕೊಪ್ಪ_ಸ್ಪ್ಯಾನರ್

ಅಲ್ಲೇ ಸಿಕ್ತು ನೋಡಿ. 16ರ ಜಾಗದಲ್ಲಿ 18 ಅಂದ್ರೆ ಪ್ರತಿ ಗೇರೂ ಎಂಟರಲ್ಲೊಂದು ಪಾಲು ಉದ್ದ. ನಿಮ್ಮ ಮೂರನೇ ಗೇರು ಮೂರನೇ ಗೇರೇ ಅಲ್ಲ, ಮೂರು-ನಾಲ್ಕರ ಮಧ್ಯೆ ಎಲ್ಲೋ ಇದೆ. ನೇರ ರಸ್ತೆಗೆ ಹಾಯಾಗಿರುತ್ತೆ, ಏರಿಗಲ್ಲ. 16 ಹಾಕ್ಸಿ, ಡಬ್ಬ ಸಮೇತ ಹಳೇ ಫಿಲ್ಟರ್ ವಾಪಸ್ ಕೂರಿಸಿ, ಸೈಲೆನ್ಸರ್ ಹಳೇದು. ಇ20ಗೋಸ್ಕರ ಸೂಜಿ ಒಂದು ಗೀಟು ಮೇಲೆ. ಪ್ಲಗ್ ಬಣ್ಣ ನೋಡಿ ಆಮೇಲೆ ಮೇನ್ ಜೆಟ್ ಒಂದು ಸೈಜ್ ಬೇಕಾ ಅಂತ ತೀರ್ಮಾನ ಮಾಡಿ. ಕಾರ್ಬೊರೇಟರ್ 24 ಸಾಕು.

ನಾಪೋಕ್ಲು_ಆರ್‌ಎಕ್ಸ್

ಅಂದ್ರೆ ಪರ್ಫಾರ್ಮೆನ್ಸ್ ಮಾಡಿಫಿಕೇಶನ್ ಅಂತ ಶುರುವಾಗಿ ಕೊನೆಗೆ ಗಾಡಿನ ಕಂಪನಿ ಥರ ಮಾಡಿ ಅಂತ ಆಯ್ತು 😂

ಸಂಪಾಜೆಯವ

ಮುಕ್ಕಾಲು ಪಾಲು ಹಳೇ ಗಾಡಿಗಳ ಕಥೆ ಅದೇ.

ವಿರಾಜಪೇಟೆ_ಬುಲೆಟ್96

ಸ್ಪ್ರಾಕೆಟ್ ಬದಲಾಯಿಸಿ ಆಯ್ತು, ಪಾಯಿಂಟ್ ಗ್ಯಾಪ್ ಕೂಡ ತೀರಾ ಜಾಸ್ತಿ ಇತ್ತು, ಸರಿ ಮಾಡಿಸಿದೆ. ಡಬ್ಬ ಹಾಕಿದ್ದೀನಿ. ಬೆಂಡ್ ಪೈಪಿನ ಲೀಕ್ ಮುಚ್ಚಿದ ಮೇಲೆ ಪಟಾಕಿ ನಿಂತಿದೆ. ಮೇಕೇರಿ ಏರು ಈಗ ಮೂರರಲ್ಲೇ ಹತ್ತುತ್ತೆ. ಐಡ್ಲಿಂಗ್ ಮಾತ್ರ ಇನ್ನೂ ಸ್ವಲ್ಪ ಆಡ್ತಿದೆ. ಸ್ಲೈಡ್ ಹೊಸದು ಹುಡುಕ್ತಿದ್ದೀನಿ, ಯಾರಿಗಾದ್ರೂ ಎಲ್ಲಿ ಸಿಗುತ್ತೆ ಗೊತ್ತಾ? ಶಾರ್ಟ್ ಬಾಟಲ್ ಇನ್ನೂ ತೆಗೆದಿಲ್ಲ, ನಿಜ ಹೇಳ್ಬೇಕಂದ್ರೆ ಮನಸ್ಸು ಬರ್ತಿಲ್ಲ.

ತಿತಿಮತಿ_ತೋಟ

ನಮ್ಮ ಕಡೆ ಬರುವಾಗ ಹೇಳಿ, ನಾನೇ ತೆಗೆದು ಕೊಡ್ತೀನಿ.

ಮಡಿಕೇರಿ_ಮಂಜು

ಆ ಮೆಕ್ಯಾನಿಕ್ ಹತ್ರ ಇದ್ದ ವಿಎಂ28 ಇನ್ನೂ ಇದೆಯಾ? ನನ್ನ 500ಕ್ಕೆ ಬೇಕಿತ್ತು.

ವಿರಾಜಪೇಟೆ_ಬುಲೆಟ್96

ಇದೆ. ಆದ್ರೆ ಅದರ ಸ್ಲೈಡೂ ಸವೆದಿದೆ, ಬೆರಳಲ್ಲಿ ಹಿಡಿದು ಅಲ್ಲಾಡಿಸಿದ್ರೆ ಆಡುತ್ತೆ. ನೋಡ್ಕೊಂಡು ತಗೊಳ್ಳಿ.

ಮಡಿಕೇರಿ_ಮಂಜು

ಅದನ್ನೇ ನಿಮಗೆ ಮಾರೋಕೆ ಹೊರಟಿದ್ರಾ? ಬೇಡಪ್ಪ.